ಅನುದಾನವೂ ದಾಸೋಹವೂ

ಪ್ರತಿ ತಿಂಗಳೂ ನನ್ನ ಕೈಸೇರುವ ವೇತನದ ಪಟ್ಟಿಯ ತಲೆಯಲ್ಲಿ ‘ಅನುದಾನಿತ ಶಾಲೆ’ ಎಂಬ ಎರಡು ಶಬ್ದಗಳಿರುವುವು. ಮಠದ ಶಾಲೆಯೊಂದರಲ್ಲಿ ಕನ್ನಡ ಸಂಸ್ಕೃತಗಳನ್ನು ಬೋಧಿಸುತ್ತ ಆಯುಷ್ಯದ ಬಹುಭಾಗವನ್ನು ಕಳೆದ ನಾನು ಆ ಶಬ್ದಗಳನ್ನು ಮುನ್ನೂರು ಸಲವಾದರೂ ನೋಡಿರಬೇಕು. ಅವುಗಳ ಅರ್ಥವನ್ನು ಮಾತ್ರ ಒಮ್ಮೆಯೂ ವಿಚಾರಿಸಿದವನಲ್ಲ. ಮಕ್ಕಳಿಗೆ ಪದಪದವನ್ನೂ ಬಿಡಿಸಿ ಹೇಳುವ ಉಪಾಧ್ಯಾಯನು ತಾನು ಉಣ್ಣುವ ಅನ್ನದ ಹೆಸರನ್ನೇ ಬಿಡಿಸಿ ನೋಡದಿದ್ದುದು ನಗೆಗೀಡಾದ ಸಂಗತಿಯೇ ಸರಿ. ‘ಅನು’ ಎಂಬ ಉಪಸರ್ಗಕ್ಕೆ ಹಿಂದೆ, ಹಿಂಬಾಲಿಸಿ, ಹೊಂದಿಕೊಂಡು ಎಂಬ ಅರ್ಥಗಳುಂಟು. ಅನುಚರ, ಅನುಯಾಯಿ, ಅನುಸರಣ ಮೊದಲಾದ ಶಬ್ದಗಳಲ್ಲೆಲ್ಲ ಹಿಂದೆ ನಡೆಯುವವನ ನಮ್ರತೆಯಿದೆ. ಹಾಗಾದರೆ ಅನುದಾನವೆಂದರೆ ಹಿಂದೆ ನಡೆಯುವ ದಾನವೆಂದಾಯಿತು. ಯಾರ ಹಿಂದೆ? ಯಾವುದರ ಹಿಂದೆ? ಈ ಪ್ರಶ್ನೆಗೆ ನಿಘಂಟು ನನಗೆ ಉತ್ತರ ಕೊಡಲಿಲ್ಲ. ಬೆಂಗಳೂರಿನ ದಕ್ಷಿಣಭಾಗದಲ್ಲಿ ಮನೆಗೆಲಸ ಮಾಡಿ ಬಾಳುವ ಕೆಲವು ಹೆಣ್ಣುಮಕ್ಕಳು ಕೊಟ್ಟರು. ಆ ಪಾಠವನ್ನು ಸದ್ಭಕ್ತರ ಮುಂದಿಡುವುದೇ ಈ ಲೇಖನದ ಉದ್ದೇಶ.

ದಾನವೆಂಬುದು ನಮ್ಮ ದೇಶದಲ್ಲಿ ಪುರಾತನವಾದ ಧರ್ಮ. ದೇಶ, ಕಾಲ, ಪಾತ್ರಗಳನ್ನರಿತು ಕೊಡಬೇಕೆಂದು ಶಾಸ್ತ್ರಗಳು ವಿಧಿಸಿವೆ. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಕೊಡುವವನಿಗೆ ಶ್ರದ್ಧೆಯೊಡನೆ ಲಜ್ಜೆಯೂ ಇರತಕ್ಕದ್ದೆಂಬ ಉಪದೇಶವುಂಟು. ಕೊಡುವವನು ಲಜ್ಜೆಪಡಬೇಕೆಂಬ ಈ ಮಾತು ಎಷ್ಟು ಸೂಕ್ಷ್ಮವಾದುದೆಂಬುದನ್ನು ಓದುಗರೇ ಭಾವಿಸಬೇಕು. ಆದರೂ ದಾನದಲ್ಲಿ ದಾತನೊಬ್ಬ, ಪ್ರತಿಗ್ರಾಹಿಯೊಬ್ಬ. ಒಬ್ಬನ ಕೈ ಮೇಲೆ, ಇನ್ನೊಬ್ಬನ ಕೈ ಕೆಳಗೆ. ಹನ್ನೆರಡನೆಯ ಶತಮಾನದ ಶಿವಶರಣರು ಈ ಮೇಲು ಕೆಳಗುಗಳನ್ನೇ ಅಳಿಸಲೆಳಸಿದರು. ‘ಸೋಹಂ’ ಎಂಬಲ್ಲಿಯೂ ಅಹಂಕಾರದ ಎಳೆಯೊಂದು ಉಳಿದೀತೆಂದು ಶಂಕಿಸಿ, ‘ದಾಸೋಹಂ’ ಎಂದರು. ತನುವನ್ನು ಗುರುವಿಗೂ, ಮನವನ್ನು ಲಿಂಗಕ್ಕೂ, ಧನವನ್ನು ಜಂಗಮಕ್ಕೂ ಸಲ್ಲಿಸಿದ ಭಕ್ತನಿಗೆ ತನ್ನದೆಂಬುದು ಏನೂ ಉಳಿಯದು. ಉಳಿಯದ ಮೇಲೆ ಅವನು ಕೊಡುವುದೇನು? ಇದ್ದವರದನ್ನು ಇದ್ದವರಿಗೆ ಮುಟ್ಟಿಸುವ ಆಳು ಅವನು. ದಾಸೋಹದಲ್ಲಿ ದಾತನಿಲ್ಲ, ದಾಸನೊಬ್ಬನಿದ್ದಾನೆ.

ಇದು ನಮ್ಮ ಮಠಗಳಲ್ಲಿ ದಿನವೂ ಕೇಳಿಬರುವ ಮಾತು. ಆದರೆ ಈಗಿನ ಕಾಲದಲ್ಲಿ ಧನವು ಜಂಗಮಕ್ಕೆ ಸಲ್ಲುವ ಹಾದಿಗಳು ಬೇರೆಯಾಗಿವೆ. ಸರಕಾರದ ಖಜಾನೆಯಿಂದ, ಕಂಪೆನಿಗಳ ಲಾಭದಿಂದ, ಶ್ರೀಮಂತರು ಕಟ್ಟಿದ ಪ್ರತಿಷ್ಠಾನಗಳಿಂದ, ಹೊರದೇಶಗಳಿಂದ ಹಣವು ಅನುದಾನವೆಂಬ ಹೆಸರಿನಿಂದ ಹೊರಟು, ಬಡವರು ಕಟ್ಟಿಕೊಂಡ ಸಂಘಗಳಿಗೆ ಬಂದು ಸೇರುವುದು. ತಲೆಯ ಮೇಲೊಂದು ಸೂರು, ದುಡಿಮೆಗೆ ತಕ್ಕ ಬದುಕು, ಇವೆರಡರಲ್ಲಿಯೂ ಎಲ್ಲರಿಗೂ ಸಮಪಾಲು ದೊರೆಯಲೆಂಬುದು ಈ ಅನುದಾನಗಳ ಘೋಷಿತ ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಈ ಹಣವು ದಾನವೋ, ದಾಸೋಹವೋ ಎಂಬುದನ್ನು ಉದ್ದೇಶದಿಂದ ತಿಳಿಯಲಾಗದು, ನಡೆಯಿಂದ ತಿಳಿಯಬೇಕು.

ಮೊದಲು ನಮ್ಮ ನೆಲವನ್ನೇ ನೋಡೋಣ. ಜಯನಗರದ ಬಡಾವಣೆಗೆ ಅಸ್ತಿಭಾರವಾದದ್ದು ೧೯೪೮ರಲ್ಲಿ. ೧೯೪೫ರ ಶಾಸನದಿಂದ ಹುಟ್ಟಿದ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯು ಬಡಾವಣೆಗಳನ್ನು ರಚಿಸಿ, ನಿವೇಶನಗಳನ್ನು ಅಳೆದು, ತಾನೇ ಗೊತ್ತುಮಾಡಿದ ಬೆಲೆಗೆ ಅರ್ಜಿದಾರರಿಗೆ ಹಂಚಿತು. ೧೯೭೬ರಲ್ಲಿ ಆ ಕಾರ್ಯವು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಪಾಲಿಗೆ ಬಂದಿತು. ಬನಶಂಕರಿ, ಜೆ. ಪಿ. ನಗರ, ಬಿ. ಟಿ. ಎಂ. ಬಡಾವಣೆಗಳೂ ಬೆಳೆದವು. ಬಿ. ಟಿ. ಎಂ. ಎಂಬ ಮೂರು ಅಕ್ಷರಗಳೊಳಗೆ ಭೈರಸಂದ್ರ, ತಾವರೆಕೆರೆ, ಮಡಿವಾಳವೆಂಬ ಮೂರು ಹಳ್ಳಿಗಳು ಅಡಗಿಕೊಂಡಿರುವುದನ್ನು ಅಲ್ಲಿ ವಾಸಿಸುವ ಅನೇಕರು ಮರೆತಿದ್ದಾರೆ. ಆ ಹಳ್ಳಿಗಳ ಹೊಲ, ತೋಟ, ಕೆರೆಯಂಗಳಗಳೇ ಇಂದು ನಮ್ಮ ಅಡ್ಡರಸ್ತೆಗಳು, ಮುಖ್ಯರಸ್ತೆಗಳು. ನಮ್ಮ ತಂದೆ ತಾತಂದಿರು ಅಂದು ಪಡೆದ ಮೂವತ್ತು-ನಲವತ್ತರ ನಿವೇಶನದ ಬೆಲೆಯನ್ನೂ, ಇಂದಿನ ಅದರ ಬೆಲೆಯನ್ನೂ ಎದುರೆದುರಾಗಿಟ್ಟು ನೋಡಿದವರು, ನಡುವಣ ಅಂತರವು ತಮ್ಮ ಬೆವರಿನಿಂದ ಬಂದುದೆಂದು ಎದೆಮುಟ್ಟಿ ಹೇಳಲಾರರು. ರೈತನ ನೆಲ, ಸಾರ್ವಜನಿಕ ಮಂಡಳಿಯ ಏರ್ಪಾಡು, ಪಟ್ಟಣದ ಸಮಸ್ತ ಜನರ ದುಡಿಮೆ ಇವೆಲ್ಲ ಕೂಡಿ ನಮಗೆ ಕೊಟ್ಟ ಕೊಡುಗೆ ಅದು. ಅದಕ್ಕೆ ನಾವು ಅನುದಾನವೆಂಬ ಹೆಸರಿಡಲಿಲ್ಲ, ಸ್ವಂತ ಆಸ್ತಿಯೆಂದೆವು.

ಅದೇ ಬಡಾವಣೆಗಳಲ್ಲಿ ನೆಲ ಒರೆಸಿ, ಪಾತ್ರೆ ತಿಕ್ಕಿ, ಬೀದಿ ಗುಡಿಸಿ, ಗಾರೆ ಕಲಸಿ ಬದುಕುವವರಿಗೆ ನಿವೇಶನದ ಅರ್ಜಿ ಹಾಕುವ ಶಕ್ತಿ ಎಂದೂ ಇರಲಿಲ್ಲ. ಅವರ ಕೇರಿಗಳನ್ನು ಸುಧಾರಿಸಲೆಂದು ೧೯೭೩ರಲ್ಲಿ ರಾಜ್ಯವು ಕೊಳಗೇರಿಗಳ ಕಾಯಿದೆಯನ್ನು ಮಾಡಿತು. ಅದರ ಮೇರೆಗೆ ಮಂಡಳಿಯೊಂದು ಸ್ಥಾಪಿತವಾಯಿತು. ಜೆ. ಪಿ. ನಗರದ ರಾಗಿಗುಡ್ಡದ ಬಳಿ ಬಡವರಿಗಾಗಿ ಎದ್ದ ಬಹುಮಹಡಿ ಮನೆಗಳು ಅಂತಹ ಪ್ರಯತ್ನದ ಫಲ. ಮನೆಗೆಲಸದವರನ್ನೂ ಕೊಳಗೇರಿಯ ಹೆಣ್ಣುಮಕ್ಕಳನ್ನೂ ಸಂಘಟಿಸಲು ರೂತ್ ಮನೋರಮಾ ಅವರು ೧೯೮೫ರಲ್ಲಿ ಬೆಂಗಳೂರಿನಲ್ಲಿ ‘ವಿಮೆನ್ಸ್ ವಾಯ್ಸ್’ ಸಂಸ್ಥೆಯನ್ನು ಕಟ್ಟಿದರು. ೨೦೦೬ರಲ್ಲಿ ಅವರಿಗೆ ಅಂತರರಾಷ್ಟ್ರೀಯ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸಂದಿತು. ಇವು ಆಗಿರುವ ಕೆಲಸಗಳು. ಆಗದಿರುವುದು ಇನ್ನೂ ಬಹಳ. ಮಂಡಳಿಯ ಮನೆ ದೊರೆಯದ ಸಂಸಾರವು ಬಾಡಿಗೆಯ ಶೀಟಿನ ಮನೆಯಲ್ಲಿರಬೇಕು. ಬಾಡಿಗೆಯ ಮನೆ ಸಿಗಬೇಕಾದರೆ ನಮ್ಮ ಊರಿನ ವಾಡಿಕೆಯಂತೆ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಮುಂಗಡವಾಗಿ ಎಣಿಸಬೇಕು. ಈ ಹತ್ತು ತಿಂಗಳ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಈಗ ಕೆಲವು ವರುಷಗಳ ಹಿಂದೆ, ನಮ್ಮ ಭಾಗದ ಅನುಕೂಲಸ್ಥ ಭಕ್ತರು ಕೆಲವರು ಸೇರಿ ಒಂದು ನಿಧಿಯನ್ನು ಕೂಡಿಸಿ, ಬಡವರ ಸಂಘಗಳಿಗೆ ಅನುದಾನ ಕೊಡುವುದೆಂದು ನಿಶ್ಚಯಿಸಿದರು. ಕಾಗದ ಪತ್ರಗಳನ್ನು ಬರೆಯುವುದಕ್ಕೆ ಒಳ್ಳೆಯ ಕನ್ನಡ ಬಲ್ಲವನೊಬ್ಬ ಬೇಕೆಂದು ನನ್ನನ್ನೂ ಸಮಿತಿಗೆ ಸೇರಿಸಿಕೊಂಡರು. ಮನೆಗೆಲಸದ ಮೂವತ್ತು ಮಂದಿ ಹೆಣ್ಣುಮಕ್ಕಳ ಸಂಘವೊಂದರಿಂದ ಅರ್ಜಿ ಬಂದಿತು. ಅವರ ಬೇಡಿಕೆ ಸರಳವಾಗಿದ್ದಿತು. ಮನೆಯ ಮಾಲಿಕರು ಬಾಡಿಗೆ ಏರಿಸಿದಾಗ ಅಥವಾ ಮನೆ ಬಿಡಿಸಿದಾಗ ಹೊಸ ಮನೆಗೆ ಒಮ್ಮೆಲೇ ಐವತ್ತು ಅರವತ್ತು ಸಾವಿರ ಅಡ್ವಾನ್ಸ್ ಕೊಡಬೇಕು. ಹಳೆಯ ಮನೆಯ ಅಡ್ವಾನ್ಸು ಆ ಹೊತ್ತಿಗೆ ಕೈಗೆ ಬಂದಿರುವುದಿಲ್ಲ. ಬಂದರೂ ಸುಣ್ಣಬಣ್ಣದ ಲೆಕ್ಕದಲ್ಲಿ ಅರ್ಧ ಕರಗಿರುತ್ತದೆ. ಆಗ ನೂರಕ್ಕೆ ತಿಂಗಳಿಗೆ ಹತ್ತರ ಬಡ್ಡಿಗೆ ಕೈಸಾಲ ಮಾಡಬೇಕಾಗುತ್ತದೆ. ಆದಕಾರಣ ಸಂಘದ ಕೈಯಲ್ಲಿ ಒಂದು ನಿಧಿಯಿದ್ದರೆ, ಅಡ್ವಾನ್ಸಿಗೆ ಬೇಕಾದವರು ಅದರಿಂದ ಪಡೆದು ಕಂತುಗಳಲ್ಲಿ ಸಂಘಕ್ಕೇ ತೀರಿಸುವರು. ಅದೇ ಹಣ ಮತ್ತೊಬ್ಬರಿಗೆ ಒದಗುವುದು. ಇಷ್ಟೇ.

ಸಮಿತಿಯಲ್ಲಿ ಚರ್ಚೆಯಾಯಿತು. ಹಣವನ್ನು ಕೈಗೆ ಕೊಟ್ಟರೆ ಉಳಿಯದು ಎಂದರೊಬ್ಬರು. ನಾಳೆ ನಾವು ಜನರಿಗೆ ತೋರಿಸುವುದೇನನ್ನು ಎಂದರು ಮತ್ತೊಬ್ಬರು. ಕೊನೆಗೆ ಆ ಕೇರಿಯಲ್ಲಿ ಒಂದು ಸಣ್ಣ ಸಮುದಾಯ ಭವನವನ್ನು ಕಟ್ಟಿಸಿ, ದಾನಿಗಳ ಹೆಸರಿನ ಶಿಲಾಫಲಕವನ್ನು ಹಾಕಿಸುವುದೆಂದು ನಿರ್ಣಯವಾಯಿತು. ನಾನೂ ಕೈ ಎತ್ತಿದೆನು. ಅರ್ಜಿಯನ್ನು ಮನ್ನಿಸಲಾಗದೆಂಬ ಪತ್ರವನ್ನು ಬರೆದವನೂ ನಾನೇ. ‘ತಮ್ಮ ಮನವಿಯನ್ನು ಕೂಲಂಕಷವಾಗಿ ಪರಾಮರ್ಶಿಸಲಾಗಿ’ ಎಂದು ಮೊದಲಾದ ಆ ಪತ್ರದ ಶೈಲಿಯನ್ನು ಸಮಿತಿಯವರೆಲ್ಲ ಹೊಗಳಿದರು. ನಾಲ್ಕು ದಿನಗಳ ಮೇಲೆ ಸಂಘದ ಹಿರಿಯ ಹೆಣ್ಣುಮಗಳೊಬ್ಬಳು ಆ ಪತ್ರವನ್ನು ಹಿಡಿದು ಶಾಲೆಯ ಬಾಗಿಲಿಗೆ ಬಂದಳು. ತಮ್ಮಲ್ಲಿ ಓದು ಬಲ್ಲವರಿಗೂ ಅದರ ಕನ್ನಡ ತಿಳಿಯಲಿಲ್ಲವಾದ್ದರಿಂದ ಅರ್ಥ ಹೇಳಬೇಕೆಂದಳು. ನಾನು ಬರೆದುದನ್ನು ನಾನೇ ಅರ್ಥವಿಸಬೇಕಾಗಿ ಬಂದಿತು. ಕೇಳಿಸಿಕೊಂಡು ಆಕೆ ಸಿಟ್ಟಾಗಲಿಲ್ಲ. “ಮೇಷ್ಟ್ರೇ, ಆ ಭವನದಾಗೆ ರಾತ್ರಿ ಮಲಗಕ್ಕಾಯ್ತದಾ?” ಎಂದಷ್ಟೇ ಕೇಳಿದಳು. “ಇಲ್ಲ ತಾಯಿ” ಎಂದೆನು. ಆಕೆ ಪತ್ರವನ್ನು ಮಡಿಸಿ ಸೆರಗಿನ ತುದಿಗೆ ಕಟ್ಟಿಕೊಂಡು ಹೊರಟುಹೋದಳು.

ಅದೇ ವರುಷ, ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ, ನನ್ನ ಏಳನೆಯ ತರಗತಿಯ ಹುಡುಗಿಯೊಬ್ಬಳು ಬರುವುದು ನಿಂತಿತು. ವಿಚಾರಿಸಲಾಗಿ, ಅವಳ ತಾಯಿ ಆ ಸಂಘದವಳೆಂದೂ, ಅಡ್ವಾನ್ಸು ಹೊಂದಿಸಲಾರದೆ ಸಂಸಾರವು ಕನಕಪುರ ರಸ್ತೆಯಲ್ಲಿ ಬಹುದೂರ ಹೋಗಿ ಬಂಧುಗಳ ಮನೆ ಸೇರಿದೆಯೆಂದೂ ತಿಳಿಯಿತು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಕೆಂಪು ಗೆರೆ ಎಳೆಯುವ ಕೆಲಸವೂ ನನ್ನದೇ ಆಗಿದ್ದಿತು. ನಮ್ಮ ನಿಧಿಯಲ್ಲಿ ಅಂದು ಐದು ಲಕ್ಷ ರೂಪಾಯಿಗಳಿದ್ದವು. ಆ ಹುಡುಗಿಯ ಮನೆಗೆ ಬೇಕಾಗಿದ್ದುದು ನಲವತ್ತು ಸಾವಿರ, ಅದೂ ಸಾಲವಾಗಿ. ಆ ದಿನ ಸಂಜೆ ಪೂಜೆಗೆ ಕುಳಿತಾಗ ಅಂಗೈಯಲ್ಲಿನ ಇಷ್ಟಲಿಂಗದ ಮೇಲೆ ದೃಷ್ಟಿ ನಿಲ್ಲಲಿಲ್ಲ.

ನಾವು ಮಾಡಿದ ತಪ್ಪು ಯಾವುದೆಂದು ಆಮೇಲೆ ಬಹಳ ಕಾಲ ಯೋಚಿಸಿದೆನು. ಹಣವನ್ನು ಕೊಡದಿದ್ದುದು ತಪ್ಪಲ್ಲ, ಭವನಕ್ಕೆಂದು ಕೊಟ್ಟೆವಷ್ಟೆ. ಹಣವು ಮುಂದೆ ನಡೆಯಿತು, ಆ ತಾಯಂದಿರು ಹಿಂದೆ ನಡೆಯಲಿ ಎಂದೆವು. ಇದೇ ತಪ್ಪು. ಅವರ ಕಷ್ಟವನ್ನು ಬಲ್ಲವರು ಅವರು. ಅದಕ್ಕೆ ಉಪಾಯವನ್ನೂ ಅವರೇ ಕೂಡಿ ಕುಳಿತು ಕಂಡುಕೊಂಡಿದ್ದರು. ಅನುದಾನವು ತನ್ನ ಹೆಸರಿಗೆ ತಕ್ಕಂತೆ ಆ ನಿರ್ಣಯದ ಹಿಂದೆ ನಡೆದಿದ್ದರೆ ಅದು ದಾಸೋಹವಾಗುತ್ತಿತ್ತು. ಶರಣರು ಸ್ಥಾವರಕ್ಕಿಂತ ಜಂಗಮವನ್ನು ಮೇಲೆಂದು ಎಣಿಸಿದ್ದನ್ನು ನಾವೆಲ್ಲರೂ ಬಲ್ಲೆವು; ಬಲ್ಲವರೇ ಕೂಡಿ ಕಲ್ಲಿನ ಭವನವನ್ನು ಆರಿಸಿ, ಕೈಯಿಂದ ಕೈಗೆ ಚಲಿಸಬೇಕಾಗಿದ್ದ ನಿಧಿಯನ್ನು ಒಲ್ಲೆವೆಂದೆವು. ಭವನ ಕೂಡದೆಂದು ನಾನು ಹೇಳುತ್ತಿಲ್ಲ. ಸಂಘವೇ ಭವನವನ್ನು ಬೇಡಿದ್ದರೆ ಅದೂ ಜಂಗಮಸೇವೆಯೇ. ಬೇಡದವರ ಮೇಲೆ ಹೇರಿದ ಕಟ್ಟಡವು ಮಾತ್ರ ದಾನಿಯ ಹೆಸರಿಗೆ ಕಟ್ಟಿದ ಗುಡಿ.

ಇಲ್ಲಿ ಒಂದು ಪೂರ್ವಪಕ್ಷವುಂಟು. ಕೇಳಿದವರಿಗೆ ಕೇಳಿದಂತೆ ಕೊಡುತ್ತ ಹೋದರೆ ಬಡವರು ಕಾಯಕವನ್ನು ಬಿಟ್ಟು ಬೇಡುವುದನ್ನೇ ಕಲಿಯುವುದಿಲ್ಲವೆ? ಈ ಶಂಕೆಗೆ ಆಯ್ದಕ್ಕಿ ಲಕ್ಕಮ್ಮನ ಚರಿತ್ರೆಯಲ್ಲಿ ಸಮಾಧಾನವಿದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನು ಆಸೆಯು ಭಕ್ತರಿಗೆ ಸಲ್ಲದೆಂದು ಹೇಳಿ ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳು. ಈ ಕಥೆಯನ್ನು ನಾವು ಬಡವರಿಗೆ ಸಂತೃಪ್ತಿಯನ್ನು ಬೋಧಿಸುವುದಕ್ಕಾಗಿ ಹೇಳುತ್ತ ಬಂದಿದ್ದೇವೆ. ನನಗೆ ಈಗ ಅದರ ಮತ್ತೊಂದು ಮುಖ ಕಾಣುತ್ತದೆ. ತನಗೆಷ್ಟು ಬೇಕೆಂಬುದನ್ನು ಗೊತ್ತುಮಾಡಿದವಳು ಲಕ್ಕಮ್ಮ, ಮಹಾಮನೆಯವರಲ್ಲ. ಅಳತೆಗೋಲು ಪಡೆಯುವವಳ ಕೈಯಲ್ಲಿದ್ದಿತು. ಅಳೆಯುವ ಅಧಿಕಾರವನ್ನು ಬಡವರಿಂದ ಕಿತ್ತುಕೊಂಡು, ಆಮೇಲೆ ಅವರಿಗೆ ಅಳತೆ ಗೊತ್ತಿಲ್ಲವೆಂದು ದೂರುವುದು ನ್ಯಾಯವೆ? ಮೂವತ್ತು ಮಂದಿ ಹೆಂಗಸರು ನಮ್ಮಲ್ಲಿ ಭಿಕ್ಷೆ ಬೇಡಿರಲಿಲ್ಲ. ತೀರಿಸಬೇಕಾದ ಸಾಲವನ್ನು ತಮ್ಮತಮ್ಮೊಳಗೆ ಕೊಟ್ಟುಕೊಳ್ಳುವುದಕ್ಕೆ ಒಂದು ಬುತ್ತಿಯನ್ನು ಕೇಳಿದ್ದರು.

ಇದು ನಮ್ಮ ನಾಡಿನಲ್ಲಿ ಪರೀಕ್ಷಿಸಿ ನೋಡಿದ ಮಾರ್ಗವೂ ಹೌದು. ಟಿಬೆಟ್ಟಿನಿಂದ ಬಂದ ನಿರಾಶ್ರಿತರಿಗೆ ನೆಲೆ ಕಲ್ಪಿಸುವುದಕ್ಕಾಗಿ ೧೯೬೮ರಲ್ಲಿ ಆರಂಭವಾದ ಮೈರಾಡ ಸಂಸ್ಥೆಯು ಮುಂದೆ ಗ್ರಾಮಗಳ ಬಡವರ ನಡುವೆ ಕೆಲಸ ಮಾಡಿತು. ೧೯೮೪-೮೫ರ ಸುಮಾರಿಗೆ ಅದು ನೆರವಾಗಿದ್ದ ದೊಡ್ಡ ಸಹಕಾರ ಸಂಘಗಳು ಒಡೆದು, ಸದಸ್ಯರು ಸಣ್ಣ ಸಣ್ಣ ಗುಂಪುಗಳಾದರು. ತಾವು ಪಡೆದ ಸಾಲವನ್ನು ಸಂಸ್ಥೆಗೇ ಮರಳಿಸುವುದಾಗಿ ಅವರು ಹೇಳಿದಾಗ, ಅದನ್ನು ನೀವೇ ಇಟ್ಟುಕೊಂಡು ನಿಮ್ಮ ಗುಂಪಿನಲ್ಲಿಯೇ ನಡೆಸಿರಿ ಎಂದು ಸಂಸ್ಥೆಯು ಸೂಚಿಸಿತು. ಒಬ್ಬರನ್ನೊಬ್ಬರು ಬಲ್ಲ ಹದಿನೈದು ಇಪ್ಪತ್ತು ಮಂದಿ ವಾರವಾರವೂ ಕುಳಿತು, ಉಳಿತಾಯ ಮಾಡಿ, ಯಾರಿಗೆ ಎಷ್ಟು ಸಾಲವೆಂಬುದನ್ನು ತಾವೇ ತೀರ್ಮಾನಿಸುವ ಪದ್ಧತಿ ಬೆಳೆಯಿತು. ೧೯೮೭ರಲ್ಲಿ ನಬಾರ್ಡ್ ಬ್ಯಾಂಕು ಈ ಗುಂಪುಗಳಿಗಾಗಿ ಮೈರಾಡಕ್ಕೆ ಹತ್ತು ಲಕ್ಷ ರೂಪಾಯಿಗಳ ಅನುದಾನವನ್ನು ನೀಡಿತು. ೧೯೯೨ರಲ್ಲಿ ಅದೇ ಬ್ಯಾಂಕು ಐನೂರು ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಯೋಗವನ್ನು ಆರಂಭಿಸಿತು. ನಮ್ಮ ರಾಜ್ಯದಲ್ಲಿ ೨೦೦೦-೦೧ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಿತು. ಇಂದು ಊರೂರಿನಲ್ಲಿಯೂ ಕಾಣುವ ಸ್ವಸಹಾಯ ಸಂಘಗಳ ಬೇರು ಇಲ್ಲಿದೆ. ಮೊದಲು ಜನರು ಕೂಡಿದರು, ಉಳಿಸಿದರು, ನಿರ್ಣಯಿಸಿದರು. ಅನುದಾನವು ಹಿಂದಿನಿಂದ ಬಂದಿತು. ಅದು ಹಿಂದಿನಿಂದ ಬಂದುದರಿಂದಲೇ ಬೇರೂರಿತು.

ನಮ್ಮ ಸಮಾಜದ ಹಿರಿಯರೂ ಕೊಡುವುದರಲ್ಲಿ ಹಿಂದೆ ಬಿದ್ದವರಲ್ಲ. ಶಿರಸಂಗಿ ಲಿಂಗರಾಜ ದೇಸಾಯರು ೧೯೦೬ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಸ್ವತ್ತನ್ನು ಮಕ್ಕಳ ವಿದ್ಯೆಗಾಗಿ ಮೀಸಲಿಟ್ಟು ಮೃತ್ಯುಪತ್ರ ಬರೆದರು. ಬೆಂಗಳೂರಿನ ರೈಲು ನಿಲ್ದಾಣದಲ್ಲಿಳಿದ ಪರವೂರಿನವರಿಗೆ ತಂಗಲು ನೆಲೆಯಿಲ್ಲದಿದ್ದುದನ್ನು ಕಂಡು ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರವೂ, ಅವರ ಧರ್ಮಸಂಸ್ಥೆಯ ವಿದ್ಯಾರ್ಥಿನಿಲಯವೂ ಯಾರಿಗೆ ತಿಳಿಯವು? ವರ್ತಕರಾದ ಅವರು ತಮ್ಮ ಸಂಪಾದನೆಯನ್ನು ಪರರ ನೆರಳಿಗಾಗಿ ಸಲ್ಲಿಸಿ ೧೯೧೦ರಲ್ಲಿ ಲಿಂಗೈಕ್ಯರಾದರು. ೨೦೧೯ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ಜಾತಿಯನ್ನು ಕೇಳದೆ ನಡೆಸಿದುದನ್ನು ನಾಡೇ ಕಂಡಿದೆ. ನಾನೂ ಒಂದು ಮಠದ ಉಚಿತ ಪ್ರಸಾದನಿಲಯದಲ್ಲಿ ಉಂಡು ಬೆಳೆದವನು. ಸುಗ್ಗಿಯಲ್ಲಿ ಭಕ್ತರು ಗಾಡಿಯಲ್ಲಿ ತಂದು ಸುರಿಯುತ್ತಿದ್ದ ರಾಗಿಯ ಚೀಲಗಳ ಮೇಲೆ ಯಾರ ಹೆಸರೂ ಇರುತ್ತಿರಲಿಲ್ಲ. ಉಂಡವನು ಏನಾದನೆಂದು ಆ ರೈತರಲ್ಲಿ ಯಾರೂ ನನ್ನನ್ನು ಲೆಕ್ಕ ಕೇಳಲು ಬರಲಿಲ್ಲ.

ಹಾಗಾದರೆ ಲೆಕ್ಕವೇ ಬೇಡವೆ ಎಂದು ಎರಡನೆಯ ಪೂರ್ವಪಕ್ಷ ಏಳುವುದು. ಬೇಕು, ಕಟ್ಟುನಿಟ್ಟಾಗಿ ಬೇಕು. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರೆಂಬುದನ್ನು ಮರೆಯಬಾರದು. ಅರಸನ ಬೊಕ್ಕಸವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯರು ದೂರಿದಾಗ, ಎಣಿಸಿ ನೋಡಲು ಹಣವೆಲ್ಲ ಸರಿಯಾಗಿದ್ದಿತೆಂದು ಪುರಾಣಗಳು ಹೇಳುತ್ತವೆ. ಸಾರ್ವಜನಿಕವಾದ ಹಣಕ್ಕೆ ಕಾಸುಕಾಸಿನ ಲೆಕ್ಕವಿಡುವುದು ಶರಣಮಾರ್ಗಕ್ಕೆ ಹೊರತಲ್ಲ. ಆದರೆ ಈಗಿನ ಪದ್ಧತಿಯಲ್ಲಿ ಲೆಕ್ಕವು ಒಂದೇ ದಿಕ್ಕಿಗೆ ಹರಿಯುತ್ತದೆ. ಪಡೆದ ಸಂಘವು ರಸೀತಿಗಳನ್ನೂ, ಹಣಬಳಕೆಯ ಪ್ರಮಾಣಪತ್ರವನ್ನೂ, ಭಾವಚಿತ್ರಗಳನ್ನೂ ಸಲ್ಲಿಸಬೇಕು. ಕೊಟ್ಟವನು ಆ ಧನವು ತನಗೆ ಹೇಗೆ ಬಂದಿತೆಂಬುದನ್ನಾಗಲಿ, ಹತ್ತು ವರುಷಗಳ ಕೆಲಸಕ್ಕೆ ಒಂದೇ ವರುಷದ ಹಣವನ್ನೇಕೆ ಕೊಟ್ಟೆನೆಂಬುದನ್ನಾಗಲಿ ಸಂಘದ ಮುಂದೆ ಹೇಳಬೇಕಾಗಿಲ್ಲ.

ಕಾನೂನಿನ ಸ್ಥಿತಿಯನ್ನೂ ಗೃಹಸ್ಥರು ತಿಳಿದಿರುವುದು ಲೇಸು. ೨೦೧೩ರ ಕಂಪೆನಿಗಳ ಕಾಯಿದೆಯ ೧೩೫ನೆಯ ಪ್ರಕರಣದಂತೆ, ನಿಗದಿಯಾದ ಮಟ್ಟವನ್ನು ಮುಟ್ಟಿದ ಕಂಪೆನಿಗಳು ಹಿಂದಿನ ಮೂರು ವರುಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ಪಾಲನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕು. ಈ ನಿಯಮವು ೨೦೧೪ರ ಏಪ್ರಿಲಿನಿಂದ ನಡೆದುಬಂದಿದೆ. ಕೊಳಗೇರಿಗಳ ಅಭಿವೃದ್ಧಿಯೂ ಅಂತಹ ಕಾರ್ಯಗಳ ಪಟ್ಟಿಯಲ್ಲಿ ಸೇರಿದೆ. ಕಟ್ಟಬೇಕಾದ ಬಾಕಿಯನ್ನು ಕಟ್ಟಿ ಶಿಲಾಫಲಕವನ್ನು ಬಯಸುವುದು ಹಾಸ್ಯಾಸ್ಪದವಲ್ಲವೆ? ಹೊರದೇಶದಿಂದ ಬರುವ ಹಣದ ಕಾಯಿದೆಗೆ ೨೦೨೦ರಲ್ಲಿ ತಿದ್ದುಪಡಿಯಾಗಿ, ಅಂತಹ ಹಣವನ್ನು ಪಡೆದ ಸಂಸ್ಥೆಯು ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವುದು ನಿಷಿದ್ಧವಾಯಿತು. ಆಡಳಿತವೆಚ್ಚದ ಮಿತಿಯು ನೂರಕ್ಕೆ ಐವತ್ತರಿಂದ ಇಪ್ಪತ್ತಕ್ಕೆ ಇಳಿಯಿತು. ಹಣದ ದುರುಪಯೋಗವನ್ನು ತಡೆಯಲೆಂದು ಮಾಡಿದ ಈ ನಿಯಮದಿಂದ, ದೊಡ್ಡ ಸಂಸ್ಥೆಗಳ ಮೂಲಕ ನೆರವು ಪಡೆಯುತ್ತಿದ್ದ ಸಣ್ಣ ಸಂಘಗಳ ಹಾದಿಯೂ ಮುಚ್ಚಿತು. ದೂರದ ಬಾಗಿಲು ಮುಚ್ಚಿದಾಗ ನೆರೆಮನೆಯ ಬಾಗಿಲು ತೆರೆಯಬೇಕಾದುದು ಧರ್ಮ. ಆ ನೆರೆಯವರು ಬೇರೆ ಯಾರೂ ಅಲ್ಲ, ನಾವೇ.

ಇನ್ನು ಧನದ ಮೂಲಶುದ್ಧಿಯ ಮಾತು. ಸತ್ಯಶುದ್ಧವಾದ ಕಾಯಕದಿಂದ ಬಂದುದು ಮಾತ್ರವೇ ಲಿಂಗಾರ್ಪಣಕ್ಕೆ ಸಲ್ಲುವುದೆಂಬುದು ಶರಣರ ನಿಯಮ. ತನ್ನ ಕಸಗುಡಿಸುವವರಿಗೆ ನ್ಯಾಯವಾದ ಕೂಲಿಯನ್ನು ಕೊಡದ ಕಂಪೆನಿಯು ಅವರ ಕೇರಿಗೆ ಅನುದಾನವನ್ನು ಕೊಟ್ಟರೆ, ಕಸಿದುದರಲ್ಲಿ ಚೂರನ್ನು ಮರಳಿಸಿದಂತಾಯಿತು. ಇದನ್ನು ಕಂಪೆನಿಗೆ ಹೇಳುವುದು ಸುಲಭ. ಮನೆಯ ಯಜಮಾನನಿಗೆ ಹೇಳುವುದು ಕಷ್ಟ. ನಮ್ಮ ಸಮಿತಿಯಲ್ಲಿದ್ದವರು ಏಳು ಮಂದಿ. ಏಳು ಮಂದಿಗೂ ಬಾಡಿಗೆಯ ಮನೆಗಳಿದ್ದವು. ಏಳು ಮಂದಿಯೂ ಹತ್ತು ತಿಂಗಳ ಅಡ್ವಾನ್ಸು ಪಡೆಯುತ್ತಿದ್ದರು. ನನ್ನ ಮನೆಯ ಮಹಡಿಯ ಮೇಲೊಂದು ಕೋಣೆಯುಂಟು. ಅದರಲ್ಲಿ ಬಟ್ಟೆಯ ಕಾರ್ಖಾನೆಗೆ ಹೋಗುವ ಗಂಡಹೆಂಡಿರಿದ್ದರು. ಅವರಿಂದ ನಾನೂ ಹತ್ತು ತಿಂಗಳದನ್ನೇ ಎಣಿಸಿಕೊಂಡು, 'ಊರಿನ ವಾಡಿಕೆ' ಎಂದಿದ್ದೆನು. ಯಾವ ವಾಡಿಕೆಯಿಂದ ಆ ಹೆಣ್ಣುಮಕ್ಕಳು ಬೀದಿಪಾಲಾಗುತ್ತಿದ್ದರೋ ಆ ವಾಡಿಕೆಯನ್ನು ಮನೆಯಲ್ಲಿ ನಡೆಸುತ್ತ, ಸಮಿತಿಯಲ್ಲಿ ಕುಳಿತು ಅವರ ಉದ್ಧಾರವನ್ನು ಚಿಂತಿಸುತ್ತಿದ್ದೆನು. ಆ ತಾಯಿಯು ಭವನದಲ್ಲಿ ಮಲಗುವ ಪ್ರಶ್ನೆಯನ್ನು ಕೇಳಿದಾಗ ನನಗೆ ಉತ್ತರ ತೋಚದೆ ಹೋದುದಕ್ಕೆ ಕಾರಣ ಇದೇ ಎಂದು ಈಗ ತಿಳಿದಿದ್ದೇನೆ.

ಕೇಂದ್ರ ಸರಕಾರವು ೨೦೨೧ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯು, ವಾಸದ ಮನೆಗಳ ಮುಂಗಡವು ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದು ಹೇಳಿದೆ. ಅದು ಮಾದರಿಯಷ್ಟೆ, ರಾಜ್ಯಗಳು ತಮ್ಮ ಶಾಸನವಾಗಿ ಮಾಡಿಕೊಂಡಲ್ಲದೆ ಯಾರನ್ನೂ ಕಟ್ಟುವುದಿಲ್ಲ. ಆದರೆ ಶಾಸನವು ಕಟ್ಟದ ಕಡೆ ವ್ರತವು ಕಟ್ಟಬಹುದು. ನಾನು ಆ ದಂಪತಿಗಳಿಗೆ ಎಂಟು ತಿಂಗಳ ಮೊಬಲಗನ್ನು ಮರಳಿಸಿದೆನು. ಇದನ್ನು ಹೇಳಿಕೊಳ್ಳುವುದರಲ್ಲಿ ಹೆಚ್ಚಳವಿಲ್ಲ. ಅದು ಅವರ ಹಣವೇ ಆಗಿದ್ದಿತು, ನನ್ನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಕುಳಿತು ನನಗೆ ಬಡ್ಡಿ ತರುತ್ತಿದ್ದಿತು. ಹಣವನ್ನು ತೆಗೆದುಕೊಳ್ಳುವಾಗ ಆ ಗಂಡನು ನನ್ನ ಮುಖವನ್ನು ಸಂಶಯದಿಂದ ನೋಡಿ, “ಮನೆ ಬಿಡಬೇಕಾ, ಸಾರ್?” ಎಂದು ಕೇಳಿದನು. ಅಡ್ವಾನ್ಸು ಮರಳುವುದು ಮನೆಯಿಂದ ಹೊರದೂಡುವಾಗ ಮಾತ್ರವೆಂಬುದೊಂದೇ ಅವನು ಅಲ್ಲಿಯ ತನಕ ಕಂಡಿದ್ದ ಲೋಕ.

ಆ ಸಂಘದ ಕಥೆಯನ್ನು ಪೂರ್ತಿ ಮಾಡಬೇಕು. ಭವನ ಕಟ್ಟಿ ಮುಗಿಯಿತು. ವರುಷಕ್ಕೆ ಎರಡು ಮೂರು ಸಮಾರಂಭಗಳು ಅಲ್ಲಿ ನಡೆಯುತ್ತವೆ. ಹೆಣ್ಣುಮಕ್ಕಳು ನಮಗಾಗಿ ಕಾಯದೆ ವಾರಕ್ಕೆ ಐವತ್ತು ರೂಪಾಯಿಯಂತೆ ತಾವೇ ಕೂಡಿಹಾಕತೊಡಗಿದರು. ಎರಡು ವರುಷಗಳ ಮೇಲೆ ನನ್ನ ಹಟಕ್ಕೆ ಸಮಿತಿಯು ಒಪ್ಪಿ, ಅವರ ಉಳಿತಾಯಕ್ಕೆ ಸಮವಾದ ಮೊತ್ತವನ್ನು, ಹೆಸರನ್ನಾಗಲಿ ಷರತ್ತನ್ನಾಗಲಿ ಹಚ್ಚದೆ, ಸಂಘದ ಖಾತೆಗೆ ಕಟ್ಟಿತು. ಆ ನಿಧಿ ಇಂದಿಗೂ ಸುತ್ತುತ್ತಿದೆ. ಒಬ್ಬಾಕೆ ಸಾಲವನ್ನು ತೀರಿಸದೆ ಊರು ಬಿಟ್ಟಳು; ಉಳಿದವರು ತಲೆಗಿಷ್ಟೆಂದು ಹಾಕಿ ಆ ಹಳ್ಳವನ್ನು ತುಂಬಿದರು. ತಿಂಗಳಿಗೊಮ್ಮೆ ಅವರು ತಮ್ಮ ಲೆಕ್ಕವನ್ನು ಎಲ್ಲರಿಗೂ ಕೇಳುವಂತೆ ಓದುತ್ತಾರೆ. ನಾನು ಹೋಗಿ ಕುಳಿತುಕೊಂಡು ಕೇಳುತ್ತೇನೆ, ಮಾತಾಡುವುದಿಲ್ಲ. ಶಾಲೆ ಬಿಟ್ಟ ಆ ಹುಡುಗಿ ಮಾತ್ರ ಮರಳಿ ಬರಲಿಲ್ಲ. ನಮ್ಮ ಎರಡು ವರುಷಗಳ ವಿಳಂಬಕ್ಕೆ ಬೆಲೆಯನ್ನು ತೆತ್ತವಳು ಅವಳು. ಈ ಬಾಕಿಯನ್ನು ಯಾವ ಪ್ರಮಾಣಪತ್ರದಿಂದಲೂ ತೀರಿಸಲಾರೆನು.

ಆದಕಾರಣ ಸದ್ಭಕ್ತರಲ್ಲಿ ನನ್ನ ಬಿನ್ನಹವಿಷ್ಟೆ. ಕೊಡಬೇಕೆಂದು ಮನಸ್ಸಾದಾಗ, ಏನು ಕೊಡೋಣವೆಂದು ನಮ್ಮನಮ್ಮೊಳಗೆ ಚರ್ಚಿಸುವುದಕ್ಕಿಂತ ಮೊದಲು, ಪಡೆಯುವವರು ಕೂಡುವ ಸ್ಥಳಕ್ಕೆ ಹೋಗಿ ಚಾಪೆಯ ಕೊನೆಯಲ್ಲಿ ಕುಳಿತು ಕೇಳೋಣ. ಅವರ ನಿರ್ಣಯವು ಮುಂದೆ ನಡೆಯಲಿ, ನಮ್ಮ ಹಣವು ಹಿಂದೆ ನಡೆಯಲಿ. ಅವರಿಂದ ಲೆಕ್ಕವನ್ನು ಕೇಳುವ ದಿನ ನಮ್ಮ ಲೆಕ್ಕವನ್ನೂ ಅವರ ಮುಂದೆ ಬಿಚ್ಚೋಣ: ನಮ್ಮ ಮನೆಯ ಕೆಲಸದವಳಿಗೆ ಕೊಡುವ ಸಂಬಳವೆಷ್ಟು, ನಮ್ಮ ಬಾಡಿಗೆಯವರಿಂದ ಹಿಡಿದಿಟ್ಟ ಮುಂಗಡವೆಷ್ಟು ಎಂಬುದನ್ನು. ಅನುಭವಮಂಟಪದಲ್ಲಿ ಅರಸನ ಮಂತ್ರಿಯೂ ಅಕ್ಕಿ ಆಯುವವನೂ ಒಂದೇ ಗೋಷ್ಠಿಯಲ್ಲಿ ಕುಳಿತರೆಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಜಯನಗರದ ಮನೆಯವರೂ, ಆ ಮನೆಯ ನೆಲ ಒರೆಸುವವರೂ ತಿಂಗಳಿಗೊಂದು ಸಂಜೆ ಹಾಗೆ ಕುಳಿತುಕೊಳ್ಳುವುದು ಅಸಾಧ್ಯವೇನಲ್ಲ.

ಮುಂದಿನ ತಿಂಗಳೂ ವೇತನದ ಪಟ್ಟಿ ಬರುವುದು. ಅದರ ತಲೆಯಲ್ಲಿ ಅದೇ ಎರಡು ಶಬ್ದಗಳಿರುವುವು. ಈಗ ಅವುಗಳ ಅರ್ಥ ನನಗೆ ತಿಳಿದಿದೆ. ನನ್ನ ಹಿಂದೆ ನಡೆದುಬಂದ ಎಷ್ಟೋ ಜನರ ದುಡಿಮೆಯನ್ನು ಉಂಡು ನಾನು ಇಷ್ಟು ದೂರ ಬಂದಿದ್ದೇನೆ. ಉಳಿದ ದಾರಿಯಲ್ಲಿ ಇನ್ನೊಬ್ಬರ ಹಿಂದೆ ನಡೆಯುವ ಮನಸ್ಸನ್ನು ಶಿವನು ಕರುಣಿಸಲಿ.